ಒಂದೇ ಪಟ್ಟಿಯ ಎರಡು ಸಾಲು

ಇಂದು ಬೆಳಿಗ್ಗೆ ಸರ್ಕಾರಿ ಇಲಾಖೆಯೊಂದರ ಆದ್ಯತೆಗಳ ಪಟ್ಟಿ ಓದುತ್ತಿದ್ದೆ. ಮೊದಲು ಸಮುದ್ರ ನೀತಿ, ಅದರ ಕೆಳಗೆ ಉದ್ಯೋಗದಲ್ಲಿ ಸಮಾನತೆ. ನಡುವೆ ಒಂದು ಗೆರೆ.

ಆ ಗೆರೆ ಏಕೆ ಬೇಕು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಸಮುದ್ರ ನೀತಿ ಎಂದ ಕೂಡಲೇ ಹವಳ, ಮೀನು, ಪ್ಲಾಸ್ಟಿಕ್ ನೆನಪಾಗುತ್ತವೆ. 2030ರೊಳಗೆ ಕಡಲಿನ ಶೇ 30ರಷ್ಟು ಭಾಗವನ್ನು ರಕ್ಷಿಸುವ ಗುರಿಯನ್ನು 2022ರಲ್ಲಿ ದೇಶಗಳು ಒಪ್ಪಿಕೊಂಡಿವೆ. ಮನಸಾರೆ ಬೆಂಬಲಿಸುತ್ತೇನೆ.

ಆದರೆ ಆ ಕಡಲನ್ನೇ ನಂಬಿ ದುಡಿಯುವವರು?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2022ರ ವರದಿ ನೋಡಿ. ಮೀನು ಹಿಡಿಯುವ, ಸಾಕುವ ಕೆಲಸದಲ್ಲಿ ಮಹಿಳೆಯರು ಶೇ 21. ಹಿಡಿದ ನಂತರದ ಕೆಲಸವನ್ನೂ ಸೇರಿಸಿದರೆ ಸುಮಾರು ಅರ್ಧದಷ್ಟು! ಸ್ವಚ್ಛಗೊಳಿಸುವುದು, ಉಪ್ಪು ಹಾಕುವುದು, ಒಣಗಿಸುವುದು, ಹೊತ್ತು ಮಾರುವುದು. ದಡದ ಈ ದುಡಿಮೆ ಎಷ್ಟೋ ಬಾರಿ ಲೆಕ್ಕಕ್ಕೇ ಬರುವುದಿಲ್ಲ.

ಲೈಫ್ ಜಾಕೆಟ್‌ನ ಅಳತೆಯನ್ನೇ ತೆಗೆದುಕೊಳ್ಳಿ. ಸಂಶೋಧನಾ ಹಡಗಿಗೆ ಜಾಕೆಟ್ ತರಿಸುವಾಗ ಗಂಡಸರ ಮೈಕಟ್ಟನ್ನಷ್ಟೇ ಮನಸ್ಸಿನಲ್ಲಿಟ್ಟರೆ, ಸಣ್ಣ ಮೈಯವಳಿಗೆ ಅದು ಸಡಿಲ. ನೀರಿಗೆ ಬಿದ್ದಾಗ ಸಡಿಲವಾದ ಜಾಕೆಟ್ ಮೇಲಕ್ಕೆ ಜಾರುತ್ತದೆ, ಮುಖ ನೀರಿನಿಂದ ಮೇಲೆ ನಿಲ್ಲುವುದು ಕಷ್ಟ. ಸರಿಯಾದ ಅಳತೆಯದನ್ನು ಕೊಳ್ಳುವ ತೀರ್ಮಾನ ಯಾವ ಸಾಲಿಗೆ ಸೇರುತ್ತದೆ? ಸಮುದ್ರಕ್ಕೋ, ಸಮಾನತೆಗೋ?

ಇನ್ನೊಂದು ಮಾತು. ಮೀನುಗಾರಿಕೆ ನಿಲ್ಲಿಸಿದ ತಿಂಗಳುಗಳಲ್ಲಿ ಪರಿಹಾರ ಕೊಡುವುದಾದರೆ ದೋಣಿಯ ಮಾಲೀಕರಿಗಷ್ಟೇ ಕೊಟ್ಟರೆ ಸಾಲದು. ಮೀನು ಒಣಗಿಸುವವರ ಹೆಸರೂ ಆ ಪಟ್ಟಿಯಲ್ಲಿರಬೇಕು. ಯಾವ ದೇಶದ ಇಲಾಖೆಯಾದರೂ ಸರಿ, ಇದನ್ನು ಮೊದಲ ಪುಟದಲ್ಲೇ ಬರೆಯಲಿ.