ನೈವಾಶಾದಲ್ಲಿ ಮೀನು ಹದ್ದಿನ ಬೇಟೆ ನೋಡಬೇಕೆಂದರೆ

ಕೀನ್ಯಾದ ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ನೈವಾಶಾ ಸರೋವರ ಎಂದರೆ ಮಸಾಯಿ ಮಾರಾಕ್ಕೆ ಹೋಗುವಾಗಲೋ ಬರುವಾಗಲೋ ಊಟ ಮುಗಿಸಿ ಒಂದು ತಾಸು ದೋಣಿ ಸುತ್ತುವ ಜಾಗ. ಮೀನು ಹದ್ದಿಗಾಗಿಯೇ (ಆಫ್ರಿಕನ್ ಫಿಶ್ ಈಗಲ್) ಹೋಗುವವರಿಗೆ ಇದು ಸಾಲದು, ಒಂದು ರಾತ್ರಿಯಾದರೂ ಅಲ್ಲಿ ತಂಗಬೇಕು. ಮಧ್ಯಾಹ್ನ ಗಾಳಿ ಎದ್ದರೆ ದೋಣಿ ಕುಣಿಯುತ್ತದೆ, ಕಲಕಿದ ನೀರಿನಲ್ಲಿ ಹದ್ದಿಗೂ ಮೀನು ಸರಿಯಾಗಿ ಕಾಣುವುದಿಲ್ಲ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗಿನ ಹೊತ್ತೇ ಹೊತ್ತು.

ನೈರೋಬಿಯಿಂದ ದೂರ ಸುಮಾರು 90 ಕಿ.ಮೀ. ಲಾರಿಗಳ ಸಾಲಿಗೆ ಸಿಕ್ಕಿಕೊಳ್ಳದಿದ್ದರೆ ಎರಡು ಗಂಟೆಯ ದಾರಿ. ವಸತಿಗೃಹಗಳೂ ದೋಣಿಗಟ್ಟೆಗಳೂ ಬಹುಪಾಲು ಮೊಯಿ ಸೌತ್ ಲೇಕ್ ರಸ್ತೆಯಲ್ಲೇ ಇವೆ. ಸಮುದ್ರಮಟ್ಟದಿಂದ 1,880 ಮೀಟರ್ ಮೇಲಿನ ಊರು, ಬೆಳಗಿನ ದೋಣಿಗೆ ಜರ್ಕಿನ್ ಬೇಕೇ ಬೇಕು. ಮಾರ್ಚ್‌ನಿಂದ ಮೇವರೆಗಿನ ಜೋರು ಮಳೆಗಾಲ ತಪ್ಪಿಸಿ.

ಹದ್ದನ್ನು ಗುರುತಿಸುವುದು ಕಷ್ಟವಲ್ಲ. ತಲೆ, ಎದೆ, ಬಾಲ ಅಚ್ಚ ಬಿಳಿ, ಹೊಟ್ಟೆ ಇಟ್ಟಿಗೆಗೆಂಪು, ರೆಕ್ಕೆ ಕಪ್ಪು, ಮುಖದ ಚರ್ಮವೂ ಕಾಲೂ ಹಳದಿ. ನಮ್ಮ ಕೆರೆಗಳ ಗರುಡನನ್ನು ಕಂಡವರಿಗೆ ಮೊದಲ ನೋಟಕ್ಕೆ ಅದೇ ಅನ್ನಿಸಬಹುದು, ಆದರೆ ಇದು ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್. ಹೆಣ್ಣು ಮೂರು ಕಿಲೋ ದಾಟುತ್ತದೆ, ಗಂಡು ಎರಡು, ಎರಡೂವರೆ. ಮರಿಗಳಿಗೆ ಈ ಬಣ್ಣ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಕಂದು ಗೆರೆಗಳ ಮೈ. ಮೀನು ಹಿಡಿಯುವ ಇನ್ನೊಂದು ಬೇಟೆಹಕ್ಕಿಯಾದ ಆಸ್ಪ್ರೆ ಎಂದು ಬರೆದುಕೊಳ್ಳುವ ತಪ್ಪು ಆಗುವುದು ಇಲ್ಲೇ.

ಕೆಲ ವರ್ಷಗಳಿಂದ ನೀರು ಏರಿ, ದಡದ ಹಳದಿ ತೊಗಟೆಯ ಅಕೇಶಿಯಾಗಳು ಮುಳುಗಿ ಒಣಗಿ ನಿಂತಿವೆ. ಎಲೆಯಿಲ್ಲದ ಆ ಕೊಂಬೆಗಳೇ ಹದ್ದಿನ ಕಾವಲು ಗೋಪುರ. ಒಂದೊಂದು ಜೋಡಿಗೆ ಒಂದೊಂದು ದಂಡೆ. ಕತ್ತು ಹಿಂದಕ್ಕೆ ಬಾಗಿಸಿ ಎರಡೂ ಒಟ್ಟಿಗೆ ಕೂಗಿದರೆ ಪಕ್ಕದ ಜೋಡಿಗೆ ಗಡಿ ತೋರಿಸುತ್ತಿವೆ ಎಂದರ್ಥ.

ಬಹುತೇಕ ಅಂಬಿಗರು ಸಿಳ್ಳೆ ಹಾಕಿ ಮೀನು ಎಸೆಯುತ್ತಾರೆ. ಸತ್ತ ಮೀನು ಮುಳುಗದಿರಲೆಂದು ಅದರೊಳಗೆ ಪಪೈರಸ್ ಎಂಬ ಜೊಂಡಿನ ದಂಟಿನ ತುಂಡು ತುರುಕಿರುತ್ತಾರೆ. ಹದ್ದು ಬರುತ್ತದೆ, ಎತ್ತಿಕೊಳ್ಳುತ್ತದೆ, ಫೋಟೊ ಸಿಗುತ್ತದೆ. ಆದರೆ ಅದು ಬೇಟೆಯಲ್ಲ, ಬಡಿಸಿದ ಊಟ. ಹಿಂದಿನ ದೋಣಿಯವರು ಆಗಲೇ ಉಣಿಸಿದ್ದರೆ ಅದೂ ಇಲ್ಲ. ಮೀನು ಎಸೆಯುವುದು ಬೇಡವೆಂದು ಹತ್ತುವ ಮೊದಲೇ ಹೇಳಿ, ದರ ಇಡೀ ದೋಣಿಗೋ ತಲೆಗೋ ಎಂದೂ ಆಗಲೇ ಕೇಳಿಕೊಳ್ಳಿ. ಎರಡು ತಾಸಿಗೆ ಮಾತಾಡಿ, ಒಂದೇ ಜೋಡಿಯ ಎದುರು ಐವತ್ತು ಅರವತ್ತು ಮೀಟರ್ ದೂರದಲ್ಲಿ ಎಂಜಿನ್ ಆರಿಸಿ ಕಾಯಿರಿ. ಜೊಂಡಿನಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ, ನೀರಾನೆಗಳಿರುತ್ತವೆ. ಲೈಫ್ ಜಾಕೆಟ್ ಬಿಚ್ಚಬೇಡಿ.

ಕಾಯುವುದು ಬೇಸರವೇ, ಏಕೆಂದರೆ ಈ ಹಕ್ಕಿ ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ. ತಲೆ ಬಗ್ಗಿಸಿ ಒಂದೇ ಕಡೆ ದಿಟ್ಟಿಸಿತೋ, ಕ್ಯಾಮೆರಾ ಎತ್ತಿ. ಓರೆಯಾಗಿ ಇಳಿದು, ಕೊನೆಯ ಗಳಿಗೆಯಲ್ಲಿ ಕಾಲು ಮುಂದಕ್ಕೆ ಚಾಚಿ, ಮೇಲ್ಪದರದಲ್ಲಿರುವ ಮೀನನ್ನಷ್ಟೇ ಕೀಳುತ್ತದೆ; ಆಸ್ಪ್ರೆಯಂತೆ ಮೈಯೆಲ್ಲ ಮುಳುಗಿಸುವುದಿಲ್ಲ. ಪಾದದಡಿಯ ಒರಟು ಮುಳ್ಳುಗಳು ಜಾರುವ ಮೀನನ್ನು ಹಿಡಿದಿಡುತ್ತವೆ. ಸುಮಾರು ಎರಡು ಕಿಲೋಗಿಂತ ಭಾರವಾದರೆ ಎತ್ತಲಾಗದೆ, ನೀರಿನ ಮೇಲೆಯೇ ದಡಕ್ಕೆ ಎಳೆದೊಯ್ಯುತ್ತದೆ. 2001ರ ಸುಮಾರಿಗೆ ಸರೋವರ ಸೇರಿದ ಕಾಮನ್ ಕಾರ್ಪ್ ಮೀನು ಅಷ್ಟು ಬೆಳೆಯಬಲ್ಲದು. ಮೀನಿಲ್ಲದಿದ್ದರೆ ನಾಮಕೋಳಿಯಂಥ ನೀರುಹಕ್ಕಿಗಳೂ ಆದೀತು, ಮಿಂಚುಳ್ಳಿ, ಬಕಗಳ ಬಾಯಿಂದ ಕಸಿದದ್ದೂ ಆದೀತು.

ಬೆಳಗಿನ ಬಿಸಿಲು ಬೆನ್ನಿಗಿರಲು ಹಕ್ಕಿ ಕೂತ ಮರ ದೋಣಿಯ ಪಶ್ಚಿಮಕ್ಕಿರಬೇಕು. ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಹಿನ್ನೆಲೆ ಕಡುಹಸಿರಾದ್ದರಿಂದ ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿ ಬಿಳಿ ತಲೆಯ ಗರಿಗಳನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ. 100–400 ಮಿ.ಮೀ. ಲೆನ್ಸ್ ಸಾಕು. ಪೂರ್ತಿ 400ರಲ್ಲೇ ಇಟ್ಟರೆ ಹತ್ತಿರ ಬಂದಾಗ ರೆಕ್ಕೆಯ ತುದಿ ಕತ್ತರಿಸಿಹೋಗುತ್ತದೆ.

ಊರಿಂದ ಹೊರಡುವ ಮೊದಲು ಕೀನ್ಯಾದ ಇ-ಟಿಎ (ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಅನುಮತಿ) ಮಾಡಿಸಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ ಚಾಲ್ತಿಗೆ ಬರುವುದೇ ಹತ್ತು ದಿನದ ನಂತರ. ಅದಿಲ್ಲದೆ ಭಾರತಕ್ಕೆ ಮರಳಿದರೆ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಕಾರ್ಡನ್ನು ಲಗೇಜಿಗೆ ಹಾಕದೆ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ.