ಕನ್ನಡಿ ಮುಚ್ಚಿದಾಗ ಹಿಂದೆ ಯಾರೋ ಇರ್ತಾರೆ

ದೆವ್ವದ ಸಿನಿಮಾ ನೋಡುವುದಕ್ಕೆ ನನ್ನ ತಂಗಿಯಂಥ ಜೊತೆ ಇನ್ನೊಬ್ಬರಿಲ್ಲ. ಪರದೆ ಮೇಲೆ ಹುಡುಗಿ ಮುಖ ತೊಳೆದು, ಕನ್ನಡಿ ಇರುವ ಕಪಾಟಿನ ಬಾಗಿಲು ತೆಗೆದಳು ಅಂದರೆ ಸಾಕು, ಇವಳು ದುಪಟ್ಟಾ ಮುಖಕ್ಕೆ ಎಳೆದುಕೊಂಡು "ಮುಚ್ಚಬೇಡ, ಮುಚ್ಚಬೇಡ ಕಣೇ" ಅಂತ ಶುರು ಮಾಡುತ್ತಾಳೆ. ಇನ್ನೂ ಏನೂ ಆಗಿಲ್ಲ. ಆದರೆ ಬಾಗಿಲು ಮುಚ್ಚಿದ ಕೂಡಲೇ ಕನ್ನಡಿಯಲ್ಲಿ ಹುಡುಗಿಯ ಹೆಗಲ ಹಿಂದೆ ಇನ್ನೊಂದು ಮುಖ ಕಾಣುತ್ತದೆ ಅಂತ ಅವಳಿಗೆ ಗೊತ್ತು. ನನಗೂ ಗೊತ್ತು. ನಿಮಗೂ ಗೊತ್ತು, ಅಲ್ವಾ? ಹಾಗಿದ್ದೂ ಬೆಚ್ಚಿಬೀಳುತ್ತೇವೆ.

"ಎಲ್ಲ ಅದೇ ಫಾರ್ಮುಲಾ" ಅಂತ ಬೈಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಬೈಯುವುದನ್ನು ಬಿಟ್ಟಿದ್ದೇನೆ. ಗೊತ್ತಿರುವುದರಿಂದಲೇ ಹೆದರಿಕೆ ಹುಟ್ಟುತ್ತಿದೆ ಅನ್ನುವುದು ತಂಗಿಯನ್ನು ನೋಡಿ ನೋಡಿ ಅರ್ಥವಾಯಿತು.

ಸಿನಿಮಾ ಬಗ್ಗೆ ಬರೆಯುವವರು ಕಣ್ಣಿಗೆ ಕಾಣುವ ಗುರುತುಗಳಿಗೆ ಐಕನಾಗ್ರಫಿ ಅನ್ನುತ್ತಾರೆ. ಮಾತು ಬಂದದ್ದು ಚಿತ್ರಕಲೆಯ ಕಡೆಯಿಂದ. ಯೂರೋಪಿನ ಹಳೆಯ ಚಿತ್ರಗಳಲ್ಲಿ ಕೈಯಲ್ಲಿ ಬೀಗದಕೈ ಹಿಡಿದ ಸಂತ ಕಂಡರೆ ಅವನು ಪೀಟರ್, ಕೆಳಗೆ ಹೆಸರು ಬರೆಯಬೇಕಾಗಿಲ್ಲ. ನವಿಲುಗರಿ, ಕೊಳಲು ಕಂಡರೆ ನಾವು ಇವನು ಯಾರು ಅಂತ ಕೇಳುತ್ತೇವಾ? ಅದೇ ಲೆಕ್ಕ. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ರಿವಾಲ್ವರ್, ಧೂಳು, ಎರಡೂ ಕಡೆ ತೂಗಾಡುವ ಗಿಡ್ಡ ಬಾಗಿಲು ಕಂಡರೆ ಅದು ವೆಸ್ಟರ್ನ್, ಅಂದರೆ ಕೌಬಾಯ್ ಸಿನಿಮಾ. 1940ರ ದಶಕದ ಅಮೆರಿಕದ ಅಪರಾಧ ಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು 'ನ್ವಾರ್', ಅಂದರೆ ಕಪ್ಪು, ಅಂತ ಹೆಸರಿಟ್ಟರು. ಅವುಗಳಲ್ಲಿ ಒದ್ದೆ ರಸ್ತೆ ಇರುತ್ತದೆ, ಸಿಗರೇಟಿನ ಹೊಗೆ ಇರುತ್ತದೆ, ಕಿಟಕಿಯ ಪಟ್ಟಿಗಳ ನೆರಳು ಮುಖದ ಮೇಲೆ ಜೈಲಿನ ಸರಳಿನ ಹಾಗೆ ಗೆರೆಗೆರೆಯಾಗಿ ಬಿದ್ದಿರುತ್ತದೆ. ಆ ಗೆರೆ ನೋಡಿದ ಮೇಲೆ ಈ ಮನುಷ್ಯ ಉದ್ಧಾರ ಆಗುವುದಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಥೆಗೂ ಇಂಥ ರೂಢಿಗಳಿವೆ. ನಿವೃತ್ತಿಗೆ ಎರಡು ದಿನ ಉಳಿದಿರುವ ಪೊಲೀಸ್ ಜೇಬಿನಿಂದ ಹೆಂಡತಿ ಮಕ್ಕಳ ಫೋಟೋ ತೆಗೆದನೋ, ಅವನ ಕಥೆ ಮುಗಿಯಿತು. ಪ್ರೇಮಕಥೆ ಆದರೆ ಯಾರಾದರೂ ವಿಮಾನ ನಿಲ್ದಾಣಕ್ಕೆ ಓಡಲೇಬೇಕು. ನಗು ಬರುತ್ತದೆ, ಸರಿ. ಆದರೆ ನಿರ್ದೇಶಕರ ಕೈಯಲ್ಲಿರುವುದು ಎರಡೇ ಗಂಟೆ. ಒಂದು ಟೋಪಿ, ಒಂದು ನೆರಳು ಹತ್ತು ನಿಮಿಷದ ವಿವರಣೆ ಉಳಿಸಿಕೊಡುತ್ತದೆ ಅಂದರೆ ಯಾರು ಬೇಡ ಅನ್ನುತ್ತಾರೆ?

ಇನ್ನು ನಾವು ಅನಾದಿ ಕಾಲದ್ದು ಅಂದುಕೊಂಡಿರುವ ಎಷ್ಟೋ ನಿಯಮಗಳು ಯಾವುದೋ ಒಂದು ಸಿನಿಮಾದಲ್ಲಿ ಹುಟ್ಟಿದಂಥವು. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಅಂತ ಮಕ್ಕಳೂ ಹೇಳುತ್ತಾರೆ. 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೆ. ಬಿಸಿಲಿಗೆ ಕರಗಿಹೋಗಿದ್ದು 1922ರ ಜರ್ಮನ್ ಮೂಕಿಚಿತ್ರ 'ನೋಸ್ಫೆರಾಟು'ವಿನಲ್ಲಿ. ಇವತ್ತು ಹಗಲಲ್ಲಿ ತಿರುಗುವ ಪಿಶಾಚಿ ತೋರಿಸಿದರೆ "ಇದೇನು ತಪ್ಪು ತೋರಿಸಿದ್ದಾರೆ" ಅಂತ ನಾವೇ ಜಗಳಕ್ಕೆ ನಿಲ್ಲುತ್ತೇವೆ. ಸುಮ್ನೆ ಬೆಚ್ಚಿಬೀಳಿಸುವ ಆಟವೂ ಹಾಗೇ. 1942ರ 'ಕ್ಯಾಟ್ ಪೀಪಲ್'ನಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಾಳೆ, ಹಿಂದೆ ಕೇಳುತ್ತಿದ್ದ ಹೆಜ್ಜೆ ಸದ್ದು ನಿಲ್ಲುತ್ತದೆ, ಎಲ್ಲ ಗಪ್‌ಚಿಪ್. ಆಮೇಲೆ ಕಾಡುಮೃಗ ಹಾರಿದಂತೆ ಬುಸ್ ಅಂತ ಸದ್ದು. ನೋಡಿದರೆ ಬಸ್ಸು ಬಂದು ನಿಂತಿದೆ! ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಲ್ಲಿ ಈ ತಂತ್ರಕ್ಕೆ 'ಲ್ಯೂಟನ್ ಬಸ್' ಅಂತಲೇ ಹೆಸರು ಬಿತ್ತು.

ನನಗೆ ಜಾಸ್ತಿ ಇಷ್ಟ ಆಗುವುದು ನಮ್ಮ ಈ ತಿಳಿವಳಿಕೆಯನ್ನೇ ನಮ್ಮ ಮೇಲೆ ತಿರುಗಿಸುವವರು. 1960ರ 'ಸೈಕೋ' ಶುರುವಾಗುವುದು ಕಳ್ಳತನದ ಕಥೆಯಾಗಿ. ಹೆಂಗಸೊಬ್ಬಳು 40,000 ಡಾಲರ್ ಕದ್ದು ಓಡುತ್ತಾಳೆ, ನಾವು ಸಿಕ್ಕಿಬೀಳುತ್ತಾಳಾ ಅಂತ ಉಸಿರು ಹಿಡಿದು ಕೂತಿರುತ್ತೇವೆ, ಪೊಲೀಸಿನವನು ಕಂಡರೆ ಅವಳಿಗಿಂತ ನಮಗೇ ಗಾಬರಿ. ಅರ್ಧ ಸಿನಿಮಾ ಕಳೆಯುವ ಮೊದಲೇ, ನಾಯಕಿ ಅಂತ ನಂಬಿದ್ದ ಅವಳೇ ಸ್ನಾನ ಮಾಡುವಾಗ ಕೊಲೆಯಾಗುತ್ತಾಳೆ. ದುಡ್ಡಿನ ಕಥೆ ಅಲ್ಲಿಗೇ ಮುಗಿಯಿತು, ಇನ್ನು ಯಾರನ್ನು ಹಿಡಿದುಕೊಂಡು ನೋಡುವುದು? ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಅದರ ನಿರ್ದೇಶಕ ಹಿಚ್‌ಕಾಕ್ ಹಟ ಹಿಡಿದದ್ದು ಸುಮ್ನೆ ಅಲ್ಲ. ತಡವಾಗಿ ಬಂದವರು ಪೋಸ್ಟರಿನ ನಟಿ ಎಲ್ಲಿ ಅಂತ ಕಾಯುತ್ತಾ ಕೂರುತ್ತಿದ್ದರು. 1996ರ 'ಸ್ಕ್ರೀಮ್' ಇನ್ನೂ ತಲೆಹರಟೆ. ಅದರ ಪಾತ್ರಗಳು ದೆವ್ವ, ಕೊಲೆಯ ಸಿನಿಮಾ ನೋಡಿ ಬೆಳೆದವರು, "ಈಗ ಬರ್ತೀನಿ" ಅಂತ ಹೇಳಿ ಹೋಗಬಾರದು ಅನ್ನುವ ನಿಯಮವನ್ನು ಪಾರ್ಟಿಯಲ್ಲಿ ನಿಂತು ಪಾಠ ಮಾಡುತ್ತಾರೆ. ನಿಯಮ ಗೊತ್ತಿದ್ದೂ ಸಾಯುತ್ತಾರೆ. ಈ ತಮಾಷೆಯೆಲ್ಲ ಹಳೆಯ ಸಿನಿಮಾ ನೋಡದವರಿಗೆ ಸಪ್ಪೆ.

ಇಂಥ ರೂಢಿ ಮುರಿಯುವುದು ಯಾವಾಗಲೂ ಗೆಲ್ಲುವುದಿಲ್ಲ, ಅದೂ ನಿಜ. 2011ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ಒಬ್ಬರು 'ಡ್ರೈವ್' ಸಿನಿಮಾದ ಮೇಲೆ ಕೇಸು ಹಾಕಿದರು. ಟ್ರೈಲರ್ ನೋಡಿ ಕಾರುಗಳ ಬೆನ್ನಟ್ಟುವ ಸಿನಿಮಾ ಅಂತ ಹೋದರೆ ಅದರಲ್ಲಿ ಕಾರು ಓಡಿಸುವುದೇ ಕಡಿಮೆ ಅನ್ನುವುದು ಅವರ ದೂರು. ಕೇಸು ನಿಲ್ಲಲಿಲ್ಲ. ನನಗೆ ಆ ಸಿನಿಮಾ ಇಷ್ಟ, ಆದರೂ ದೂರಿನಲ್ಲಿ ಹುರುಳಿಲ್ಲ ಅನ್ನಲಾರೆ. ಕಾರು ತೋರಿಸಿ ಕರೆದವರು ಕಾರು ಓಡಿಸಬೇಕು ತಾನೇ?

ಮೊನ್ನೆ ತಂಗಿಯ ಜೊತೆ ಇನ್ನೊಂದು ದೆವ್ವದ ಸಿನಿಮಾ ನೋಡಿದೆ. ಹುಡುಗಿ ಕನ್ನಡಿ ಬಾಗಿಲು ತೆಗೆದಳು, ದುಪಟ್ಟಾ ಮೇಲೆ ಹೋಯಿತು, ಬಾಗಿಲು ಮುಚ್ಚಿತು. ಹಿಂದೆ ಯಾರೂ ಇಲ್ಲ. ಹುಡುಗಿ ದೀಪ ಆರಿಸಿ ಹೋಗಿ ಮಲಗಿದಳು. "ಅಕ್ಕ, ಇನ್ನೂ ಬಂದಿಲ್ಲ ಕಣೇ" ಅಂದಳು ತಂಗಿ. ಸಿನಿಮಾ ಮುಗಿಯುವವರೆಗೂ ದುಪಟ್ಟಾ ಕೆಳಗೆ ಇಳಿಯಲಿಲ್ಲ.