ಕೋಯಾಸಾನ್‌ನ ಕಲ್ಲುಗಳಲ್ಲಿ ಓದಿದ ಹೆಸರುಗಳು

ಒಸಾಕಾದ ನಂಬಾ ನಿಲ್ದಾಣದಿಂದ ಹೊರಟ ರೈಲು ನಮ್ಮನ್ನು ಗೋಕುರಾಕುಬಾಶಿಯಲ್ಲಿ ಇಳಿಸಿತು. ಅಲ್ಲಿಂದ ಕಡಿದಾದ ಬೆಟ್ಟವನ್ನು ಕೇಬಲ್ ಕಾರಿನಲ್ಲಿ ಏರಬೇಕು. ಆ ನಿಲ್ದಾಣದ ಹೆಸರಿಗೆ ಸುಖಾವತಿಯ, ಅಂದರೆ ಬೌದ್ಧರ ಸ್ವರ್ಗದ, ಸೇತುವೆ ಎಂಬ ಅರ್ಥವಿದೆ. ಮೇಲಿರುವ ಕೋಯಾಸಾನ್ ಎಂದರೆ ಎತ್ತರದ ಬಯಲಿನ ಬೆಟ್ಟ. 816ರಲ್ಲಿ ಕೂಕಾಯ್ ಎಂಬ ಭಿಕ್ಷು ಇದನ್ನು ಚಕ್ರವರ್ತಿಯಿಂದ ಪಡೆದು ಧ್ಯಾನಕ್ಷೇತ್ರವನ್ನಾಗಿ ಮಾಡಿದರು.

ಯಾತ್ರಿಕರಿಗೆ ವಸತಿ ಕೊಡುವ ಒಂದು ದೇವಾಲಯದಲ್ಲಿ ಉಳಿದುಕೊಂಡೆ. ನೋಂದಣಿ ಹಾಳೆಯಲ್ಲಿ ಹೆಸರಿನ ಜಾಗದ ಮೇಲೆ ಇನ್ನೊಂದು ಕಿರಿದಾದ ಸಾಲಿತ್ತು. ಹೆಸರನ್ನು ಹೇಗೆ ಓದಬೇಕೆಂಬುದನ್ನು, ದನಿಯನ್ನಷ್ಟೇ ಸೂಚಿಸುವ ಕಾನಾ ಅಕ್ಷರಗಳಲ್ಲಿ ಬರೆಯಲು ಆ ಸಾಲು ಎಂದು ಅಲ್ಲಿನ ಯುವ ಭಿಕ್ಷು ವಿವರಿಸಿದರು. ಬರೆದಂತೆಯೇ ಓದುವ ನಮಗೆ ಇದು ಹೊಸತು. ‘ನಡು’ ಮತ್ತು ‘ಗದ್ದೆ’ ಎಂಬ ಎರಡು ಚೀನೀ ಅಕ್ಷರಗಳನ್ನು ಬರೆದುಕೊಳ್ಳುವ ಒಂದು ಮನೆತನ ನಾಕಾತಾ ಆದರೆ, ಅವೇ ಅಕ್ಷರಗಳ ಇನ್ನೊಂದು ಮನೆತನ ನಾಕಾದಾ.

ಮರುದಿನ ಬೆಳಗಿನ ಪೂಜೆ ಮುಗಿದ ಮೇಲೆ ಅವರೊಡನೆ ಒಕುನೋಇನ್‌ಗೆ ನಡೆದೆ. ಕೂಕಾಯ್ ಅಲ್ಲಿ ಮುಂದೆ ಬರಲಿರುವ ಮೈತ್ರೇಯ ಬುದ್ಧನಿಗಾಗಿ ಕಾಯುತ್ತ ಇಂದಿಗೂ ಧ್ಯಾನದಲ್ಲಿದ್ದಾರೆಂಬ ನಂಬಿಕೆಯಿಂದ, ಅವರ ಸನ್ನಿಧಿಯವರೆಗಿನ ಸುಮಾರು 2 ಕಿ.ಮೀ. ದಾರಿಯ ಇಕ್ಕೆಲಗಳಲ್ಲಿ, ಮುಗಿಲೆತ್ತರದ ಮರಗಳ ಬುಡದಲ್ಲಿ, ಎರಡು ಲಕ್ಷಕ್ಕೂ ಮಿಕ್ಕಿ ಸಮಾಧಿಗಳು ಎದ್ದಿವೆ.

ಭಿಕ್ಷು ಒಂದು ಕಲ್ಲಿನೆದುರು ಬಾಗಿ, ಪಾಚಿಗೆ ತಾಗದಂತೆ ಬೆರಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದರು. ಒಂದು ಚೌಕ, ಅದರೊಳಗೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ: ಬದು ಹಾಕಿ ನಾಲ್ಕು ಮಡಿ ಮಾಡಿದ ಗದ್ದೆ. ಅದರ ಕೆಳಗೆ, ಪುಟ್ಟ ಪೆಟ್ಟಿಗೆಯನ್ನು ಸೀಳಿಕೊಂಡು ಇಳಿದ ನೇರ ಗೆರೆ: ನಡು. ತಾನಾಕಾ, ಗದ್ದೆಯ ನಡುವಿನವರು. ಪಕ್ಕದ ಯಾಮಾಮೋತೊ ಬೆಟ್ಟದ ಬುಡದವರು. ‘ಬೆಟ್ಟ’ಕ್ಕೆ ಮೂರು ಶಿಖರ, ‘ಬುಡ’ಕ್ಕೆ ಮರದ ಬೇರಿನ ಬಳಿ ಎಳೆದ ಒಂದು ಗೀಟು. ಎರಡು ಮರಗಳನ್ನು ಒತ್ತೊತ್ತಾಗಿ ಬರೆದರೆ ಕಾಡು, ಹಾಗಾಗಿ ಕೊಬಾಯಾಶಿ ಚಿಕ್ಕ ಕಾಡಿನವರು. ಚೀನಾದ ಆನ್ಯಾಂಗ್‌ನಲ್ಲಿ ಮೂರು ಸಾವಿರ ವರ್ಷಗಳ ಹಿಂದೆ ಆಮೆಚಿಪ್ಪು, ಎತ್ತಿನ ಮೂಳೆಗಳ ಮೇಲೆ ಕೊರೆದ ಚಿತ್ರಗಳಿಂದ ಬೆಳೆದ ಅಕ್ಷರಗಳಿವು.

ಸಮುರಾಯ್ ಆಳ್ವಿಕೆಯ ಕಾಲದಲ್ಲಿ ಸಾಮಾನ್ಯ ರೈತನು ಮನೆತನದ ಹೆಸರನ್ನು ಅಧಿಕೃತವಾಗಿ ಬಳಸುವಂತಿರಲಿಲ್ಲ. 1870ರಲ್ಲಿ ಅನುಮತಿ ಸಿಕ್ಕಿತು. 1875ರಲ್ಲಿ ಅದು ಎಲ್ಲರಿಗೂ ಕಡ್ಡಾಯವಾಯಿತು. ತೆರಿಗೆ ಮತ್ತು ಸೇನಾಭರ್ತಿಯ ಲೆಕ್ಕಕ್ಕೆ ಸರ್ಕಾರಕ್ಕೆ ಹೆಸರು ಬೇಕಿತ್ತು ನಿಜ, ಆದರೆ ಆ ಲೆಕ್ಕದ ಪುಸ್ತಕದಲ್ಲಿ ಗದ್ದೆ, ಬಾವಿ, ತೋಪುಗಳೇ ತುಂಬಿಕೊಂಡವು ಎಂಬುದು ನನ್ನ ಮನಸ್ಸಿಗೆ ತುಂಬ ಹಿಡಿಸಿತು.

ಇನ್ನೂ ಒಳಗೆ ಹೋದಂತೆ ಹಳೆಯ ಕಲ್ಲುಗಳ ಆಕಾರವೇ ಬದಲಾಯಿತು. ಕೆಳಗೆ ಘನ, ಅದರ ಮೇಲೆ ಗೋಳ, ಸೂರಿನಂತಹ ಇಳಿಜಾರು, ಅರ್ಧಚಂದ್ರ, ತುದಿಯಲ್ಲಿ ಮೊಗ್ಗು: ಪಂಚಭೂತಗಳು. ಒಂದೊಂದರ ಮೇಲೂ ಒಂದೊಂದು ಬೀಜಾಕ್ಷರವಿತ್ತು. ಭಿಕ್ಷು ಕೆಳಗಿನಿಂದ ಓದುತ್ತ ಹೋದರು: ಅ, ವ, ರ, ಹ, ಖ. ಅರ್ಥವನ್ನು ಚಿತ್ರಿಸುವ ಅಕ್ಷರಗಳ ನಡುವೆ ಇಡೀ ಬೆಳಗು ಕಳೆದ ನನಗೆ ನಮ್ಮ ವರ್ಣಮಾಲೆಯ ದನಿ ಕಿವಿಗೆ ಬಿದ್ದಾಗ ಕಣ್ಣು ತುಂಬಿ ಬಂತು. ಇದು ಸಿದ್ಧಂ ಲಿಪಿ; ಕನ್ನಡದಂತೆಯೇ ಬ್ರಾಹ್ಮಿಯ ಸಂತತಿ. 804ರಲ್ಲಿ ಚೀನಾಕ್ಕೆ ಹೋದ ಕೂಕಾಯ್, ಚಾಂಗಾನ್ ನಗರದಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತ ಕಲಿತಿದ್ದರು. ಜಪಾನಿನ ಮಕ್ಕಳು ಇಂದಿಗೂ ಕಾನಾವನ್ನು ಅ ಇ ಉ ಎ ಒ, ಕ ಸ ತ ನ ಎಂಬ ಸರಣಿಯಲ್ಲಿ ಕಲಿಯುವುದರ ಹಿಂದೆ ಇರುವುದೂ ಈ ಲಿಪಿಯ ಅಧ್ಯಯನವೇ.

ತುದಿಯ ‘ಖ’ ಆಕಾಶವನ್ನು ಸೂಚಿಸುತ್ತದೆ ಎಂದು ಅವರು ಹೇಳಿದಾಗ, ನಮ್ಮಲ್ಲಿ ಹಕ್ಕಿಗೆ ಖಗ ಎನ್ನುತ್ತೇವೆ ಎಂದೆ. ಅವರು ಒಂದು ಕ್ಷಣ ನಿಂತು, ಕೂಕಾಯ್ ಎಂಬ ಹೆಸರನ್ನು ಬಿಡಿಸಿದರು: ‘ಕೂ’ ಎಂದರೆ ಆಕಾಶ, ‘ಕಾಯ್’ ಎಂದರೆ ಸಮುದ್ರ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ‘ಶೂನ್ಯ’ಕ್ಕೆ ಆರಿಸಿಕೊಂಡದ್ದೂ ಅದೇ ‘ಕೂ’ವಿನ ಅಕ್ಷರವನ್ನು.

ಕೂಕಾಯ್ ಅವರ ಸಮಾಧಿಗೆ ಮುಂಚಿನ ಕೊನೆಯ ಸೇತುವೆಯ ಬಳಿ ಕ್ಯಾಮೆರಾವನ್ನು ಒಳಗಿಟ್ಟು, ಟೋಪಿ ತೆಗೆದೆವು. ಆ ಸೇತುವೆಗೆ 36 ಹಾಸುಗಲ್ಲುಗಳು. ಪ್ರತಿಯೊಂದರ ಅಡಿಭಾಗದಲ್ಲೂ ಒಂದು ಬೀಜಾಕ್ಷರವನ್ನು ಕೆತ್ತಿದ್ದಾರೆಂದು ಭಿಕ್ಷು ಹೇಳಿದರು. ನಡೆಯುವವರಿಗೆ ಅವು ಕಾಣುವುದಿಲ್ಲ. ಕೆಳಗೆ ಹರಿಯುವ ತಾಮಾಗಾವಾ ಹೊಳೆಗೆ ಮಾತ್ರ ಅವು ಮುಖ ಮಾಡಿವೆ. ಪಾದವನ್ನು ಮೆಲ್ಲಗೆ ಊರುತ್ತ ದಾಟಿದೆ.